ಅಟ್ಟ ಗುಡಿಸಿದ್ದೇನೆ, ಈ ಕಂಪ್ಯೂಟರು ಸಾಮಾನನ್ನು ಎಂತ ಮಾಡುವುದು?

ನೀರ್ಚಾಲಿನವ | ಶನಿವಾರ ರಾತ್ರಿ 9:10

ತುಲಾ ತಿಂಗಳ ಮಳೆ ಬಿಟ್ಟು ಎರಡು ದಿನ ಬಿಸಿಲು ಬಂತು ಅಂತ ಅಟ್ಟ ಹತ್ತಿದೆ. ಮನೆಯವಳು ಆರು ವರ್ಷದಿಂದ ಹೇಳುತ್ತಿದ್ದ ಕೆಲಸ. ಅಡಿಕೆ ಗೋಣಿಗಳ ಹಿಂದೆ, ಇಲಿ ಕಡಿದ ರಟ್ಟಿನ ಪೆಟ್ಟಿಗೆಗಳಲ್ಲಿ ನಮ್ಮ ಮನೆಯ ಕಂಪ್ಯೂಟರು ಚರಿತ್ರೆ ಪೂರ್ತಿ ಕೂತಿತ್ತು. ಇಳಿಸಿ ಜಗಲಿಯಲ್ಲಿ ಸಾಲಾಗಿ ಇಟ್ಟಿದ್ದೇನೆ.

2003ರಲ್ಲಿ ಮಂಗಳೂರಿನಲ್ಲಿ ಬಿಡಿಬಿಡಿಯಾಗಿ ಕೊಂಡು ಜೋಡಿಸಿ ತಂದ ಕಂಪ್ಯೂಟರು, ಜೊತೆಗೆ 17 ಇಂಚಿನ ಗುಡಾಣದಂಥ ಮಾನಿಟರು. ಒಬ್ಬನೇ ಎತ್ತಿದ್ದಕ್ಕೆ ಈಗ ಸೊಂಟ ಹಿಡಿದಿದೆ. ಅದರ ನಂತರದ ಚಪ್ಪಟೆ ಎಲ್‌ಸಿಡಿ ಮಾನಿಟರು. ಎರಡು ಪ್ರಿಂಟರು. ಒಂದು ಯುಪಿಎಸ್. ನಾಲ್ಕು ಮೋಡೆಮ್, ನಾಲ್ಕೂ ಸಿಡಿಲಿಗೆ ಹೋದದ್ದು. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಸಂಜೆ ಗುಡುಗು ಶುರುವಾದಾಗ ಟೆಲಿಫೋನು ವಯರು ಎಳೆಯಲು ಮರೆತರೆ ಬೆಳಿಗ್ಗೆ ಮೋಡೆಮ್ಮಿನಿಂದ ಕಮಟು ವಾಸನೆ. ಮಗನ ಹಳೆ ಲ್ಯಾಪ್‌ಟಾಪು, ಅದರ ಬ್ಯಾಟರಿ ಹಪ್ಪಳದಂತೆ ಉಬ್ಬಿದೆ. ಒಂದು ಹೊರಗಿನ ಹಾರ್ಡ್ ಡಿಸ್ಕ್.

ಹರಿತ ಕರ್ಮ ಸೇನೆಯ (ಇಲ್ಲಿ ಕೇರಳದಲ್ಲಿ ಮನೆಮನೆಗೆ ಬಂದು ಕಸ ಒಯ್ಯುವ ತಂಡ) ಅಕ್ಕಂದಿರು ಮೊನ್ನೆ ಬಂದಿದ್ದರು. ಪ್ಲಾಸ್ಟಿಕ್ ತೊಳೆದು ಒಣಗಿಸಿ ಇಟ್ಟದ್ದನ್ನು ಕೊಂಡುಹೋದರು, 50 ರೂಪಾಯಿಗೆ ರಶೀದಿ ಕೊಟ್ಟರು. ಮಾನಿಟರು ನೋಡಿ, "ಇದು ಇವತ್ತಲ್ಲ, ಕ್ಯಾಲೆಂಡರಿನಲ್ಲಿ ಬೇರೆ ತಿಂಗಳು ಉಂಟು" ಅಂದರು. ಮೋಡೆಮ್ ತೋರಿಸಿ ಇದು ಅದಕ್ಕೆ ಸೇರುತ್ತದಾ ಅಂತ ಕೇಳಿದೆ. ಅವರಿಗೂ ಖಾತ್ರಿ ಇಲ್ಲ, ನನಗೂ ಇಲ್ಲ. ಕಾನೂನಿನಲ್ಲಿ ಯಾವುದು ಇ-ತ್ಯಾಜ್ಯ, ಅಂದರೆ ವಿದ್ಯುತ್ ಸಾಮಾನಿನ ಕಸ, ಯಾವುದು ಅಲ್ಲ? ತಿಳಿದವರು ಹೇಳಬೇಕು.

ಉಪ್ಪಳ ರಿಪೇರಿ | 9:22

ಅಣ್ಣ, ಕಾನೂನು ಆಮೇಲೆ. ಮೊದಲು ಆ ಉಬ್ಬಿದ ಬ್ಯಾಟರಿಯನ್ನು ಜಗಲಿಯಿಂದ ತೆಗೆಯಿರಿ. ಒತ್ತಬೇಡಿ, ಚುಚ್ಚಬೇಡಿ, "ಒಮ್ಮೆ ಚಾರ್ಜ್ ಆಗುತ್ತದಾ ನೋಡುವ" ಅಂತ ಹೊರಡಲೇಬೇಡಿ. ಒಣ ಹೊಯ್ಗೆ (ಮರಳು) ತುಂಬಿದ ಮಣ್ಣಿನ ಪಾತ್ರೆಯಲ್ಲಿಟ್ಟು, ಮನೆಯಿಂದ ದೂರ, ಮಳೆ ಬೀಳದ ಜಾಗದಲ್ಲಿಡಿ. ಅಡಿಕೆ ಸಿಪ್ಪೆ ರಾಶಿಯ ಹತ್ತಿರ ಬೇಡ.

ನೀರ್ಚಾಲಿನವ | 9:41

ಆಯ್ತು ಮಾರಾಯ್ರೇ. ಟಾರ್ಚ್ ಹಿಡಿದು ಹೋಗಿ ಬಚ್ಚಲುಕೊಟ್ಟಿಗೆಯ ಆಚೆ ಇಟ್ಟು ಬಂದೆ. ಹೊಯ್ಗೆ ಮೊನ್ನೆ ಗಾರೆ ಕೆಲಸದ್ದು ಉಳಿದಿತ್ತು, ಪಾತ್ರೆ ಅಮ್ಮನ ಕಾಲದ ಮೀನು ಚಟ್ಟಿಯಂಥದ್ದು. (ನಮ್ಮಲ್ಲಿ ಮೀನು ಇಲ್ಲ, ಕೇಳಬೇಡಿ ಎಲ್ಲಿಂದ ಬಂತು ಅಂತ.)

ಪೀಣ್ಯದ ಭಾವ | 10:05

ನಾನು ಬದಿಯಡ್ಕದವನೇ. ಈಗ ಬೆಂಗಳೂರಿನಲ್ಲಿ ಇ-ತ್ಯಾಜ್ಯ ಮರುಬಳಕೆ ಘಟಕಗಳ ಕಾಗದಪತ್ರ ನೋಡುವುದೇ ಕೆಲಸ. ನಿಮ್ಮ ಜಗಲಿಯ ಸಾಲನ್ನೇ ಹಿಡಿದು ಹೇಳುತ್ತೇನೆ.

ನಮ್ಮ ದೇಶದಲ್ಲಿ ಇ-ತ್ಯಾಜ್ಯಕ್ಕೆ ಅಂತಲೇ ನಿಯಮ ಬಂದದ್ದು 2011ರಲ್ಲಿ, ಜಾರಿಯಾದದ್ದು 2012ರ ಮೇ 1ರಿಂದ. ಅಂದರೆ ನಿಮ್ಮ ಕಂಪ್ಯೂಟರು ಹುಟ್ಟಿದಾಗ ಆ ನಿಯಮವೇ ಇರಲಿಲ್ಲ. ಎರಡನೆಯ ನಿಯಮ 2016ರ ಅಕ್ಟೋಬರ್ 1ರಿಂದ. ಮೂರನೆಯದು, ಈಗ ನಡೆಯುತ್ತಿರುವುದು, 2022ರ ನವೆಂಬರಿನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿ.

ಈ ನಿಯಮಗಳು ನಡೆಯುವುದು ಒಂದು ಪಟ್ಟಿಯ ಮೇಲೆ. ಪಟ್ಟಿಯಲ್ಲಿ ಹೆಸರಿದ್ದರೆ ಆ ಸಾಮಾನು ಕಸವಾದಾಗ ತಯಾರಕನಿಗೆ ಹೊಣೆ, ಇಲ್ಲದಿದ್ದರೆ ಇಲ್ಲ. ಕಂಪ್ಯೂಟರು, ಅದರ ಕೀಲಿಮಣೆ, ಮಾನಿಟರು, ಲ್ಯಾಪ್‌ಟಾಪು, ಪ್ರಿಂಟರು ಮೊದಲಿನಿಂದಲೇ ಒಳಗೆ. ಮೋಡೆಮ್, ರೂಟರ್, ಯುಪಿಎಸ್, ಇನ್ವರ್ಟರ್, ಸ್ಕ್ಯಾನರ್, ಟ್ಯಾಬ್ಲೆಟ್, ಪೆನ್‌ಡ್ರೈವ್ ಹಾರ್ಡ್ ಡಿಸ್ಕಿನಂಥ ಸಂಗ್ರಹ ಸಾಧನಗಳು ಇವೆಲ್ಲ ಹೆಸರು ಹೇಳಿಸಿಕೊಂಡು ಒಳಗೆ ಬಂದದ್ದು ಮೂರನೆಯ ನಿಯಮದಲ್ಲಿ. ಹಾಗಾಗಿ ನಿಮ್ಮ ನಾಲ್ಕು ಮೋಡೆಮ್ ಸಿಡಿಲಿಗೆ ಸತ್ತಾಗ ಇ-ತ್ಯಾಜ್ಯದ ಪಟ್ಟಿಯಲ್ಲಿ ಅವುಗಳ ಹೆಸರಿರಲಿಲ್ಲ. ಈಗ ಇದೆ. ಸೇನೆಯ ಅಕ್ಕಂದಿರು ಬಂದಾಗ ಧೈರ್ಯವಾಗಿ ಹೇಳಿ.

ಯುಪಿಎಸ್ ಕಥೆ ಇನ್ನೂ ಸ್ವಾರಸ್ಯ. ಒಳಗಿನ ಸೀಸ-ಆಸಿಡ್ ಬ್ಯಾಟರಿಗೆ 2001ರಲ್ಲೇ ಪ್ರತ್ಯೇಕ ನಿಯಮ ಇತ್ತು. ಅದನ್ನು ಹೊತ್ತ ಡಬ್ಬಿಗೆ ಬಂದದ್ದು 2023ರಲ್ಲಿ. ನಿಮ್ಮ ಲ್ಯಾಪ್‌ಟಾಪಿನದ್ದು ತಿರುಗುಮುರುಗು: ಯಂತ್ರ 2012ರಿಂದ ನಿಯಮದೊಳಗೆ, ಅದರ ಲಿಥಿಯಂ ಬ್ಯಾಟರಿ ಬ್ಯಾಟರಿಗಳ ನಿಯಮದೊಳಗೆ ಬಂದದ್ದು 2022ರ ಆಗಸ್ಟಿನ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ. ಹಳೆ ಬ್ಯಾಟರಿ ನಿಯಮ ಸೀಸದ್ದನ್ನು ಮಾತ್ರ ನೋಡುತ್ತಿತ್ತು.

ಪೆರ್ಲದ ಟೀಚರ್ | 10:19

ಕುತೂಹಲಕ್ಕೆ ಆ 2011ರ ಪಟ್ಟಿ ತೆಗೆದು ನೋಡಿದೆ. ಅದರಲ್ಲಿ ಟೆಲೆಕ್ಸ್ (ತಂತಿಯ ಮೂಲಕ ಬರಹ ಕಳಿಸುವ ಹಳೆ ಯಂತ್ರ) ಉಂಟು! ವಿದ್ಯುತ್ ಟೈಪ್‌ರೈಟರ್ ಉಂಟು! 2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಆಗ ಮನೆಮನೆಯಲ್ಲಿ ಮಿನುಗುತ್ತಿದ್ದ ಮೋಡೆಮ್ ಇಲ್ಲ, ಟೆಲೆಕ್ಸ್ ಉಂಟು. ನಮ್ಮ ಮಕ್ಕಳಿಗೆ ಟೆಲೆಕ್ಸ್ ಅಂದರೆ ಎಂತ ಅಂತ ಕೇಳಿದರೆ ಗೋಡೆಗೆ ಬಳಿಯುವ ಪೈಂಟ್ ಅಂದಾರು.

ಪೀಣ್ಯದ ಭಾವ | 10:27

ನಗು ಬರುವ ವಿಷಯವೇ ಟೀಚರ್, ಆದರೂ ಅದಕ್ಕೊಂದು ನ್ಯಾಯ ಇದೆ. ಸಾಮಾನು ಕಸವಾಗುವುದು ಮಾರಿದ ದಿನ ಅಲ್ಲ, ಹತ್ತು ಹದಿನೈದು ವರ್ಷ ಕಳೆದ ಮೇಲೆ, ಇವರ ಅಟ್ಟ ಗುಡಿಸುವ ಮುಹೂರ್ತ ಬಂದಾಗ. ಗುಡಾಣ ಮಾನಿಟರನ್ನು ಅಂಗಡಿಯಲ್ಲಿ ಯಾರೂ ಮಾರುವುದಿಲ್ಲ, ಕಸದಲ್ಲಿ ಮಾತ್ರ ಇನ್ನೂ ಬರುತ್ತಿದೆ. ಹಾಗಾಗಿ ಪಟ್ಟಿಯಿಂದ ಹಳತನ್ನು ಕಿತ್ತುಹಾಕುವಂತಿಲ್ಲ, ಹೊಸತನ್ನು ಬಿಡುವಂತಿಲ್ಲ. 2003ರ ಸಾಮಾನು ಮತ್ತು 2025ರ ಸಾಮಾನು ಎರಡಕ್ಕೂ ಒಂದೇ ಹಗ್ಗ ಹಾಕಬೇಕು. ಹಳೆಯ ಪಟ್ಟಿಯಲ್ಲಿ 21 ಬಗೆ ಇದ್ದದ್ದು 2022ರದ್ದರಲ್ಲಿ 106 ಆಯಿತು. ಮಿಕ್ಸಿಯಿಂದ ಹಿಡಿದು ಸೋಲಾರ್ ಪ್ಯಾನೆಲಿನವರೆಗೆ.

ಉಪ್ಪಳ ರಿಪೇರಿ | 10:50

ಭಾವ, 106 ಅಲ್ಲ, 1006 ಮಾಡಿದರೂ ಸಾಲದು. ನನ್ನ ಅಂಗಡಿಗೆ ಈಗ ಬರುವ ಸಾಮಾನು ನೋಡಿ. ಟಿವಿಯ ಹಿಂದೆ ಚುಚ್ಚುವ ಕಡ್ಡಿಯಂಥದ್ದು: ಅದರಲ್ಲಿ ಪ್ರೊಸೆಸರ್ ಉಂಟು, ಮೆಮರಿ ಉಂಟು, ವೈಫೈ ಉಂಟು. ಅದು ಕಂಪ್ಯೂಟರಾ, ಟಿವಿಯಾ? ಮಾನಿಟರಿನ ಬೆನ್ನಲ್ಲೇ ಕಂಪ್ಯೂಟರು ಇರುವ ಮಾದರಿ ಬಂತು. ಕೈಗೆ ಕಟ್ಟುವ ಗಡಿಯಾರದಲ್ಲಿ ಲಿಥಿಯಂ ಬ್ಯಾಟರಿ. ಹೆಸರು ಹಿಡಿದು ಕರೆಯುವ ಕಾನೂನಿಗೆ, ದಿನಕ್ಕೊಂದು ವೇಷ ಹಾಕುವ ಸಾಮಾನು. ಯಕ್ಷಗಾನದಲ್ಲಿ ಬಣ್ಣ ಬದಲಾದ ಕೂಡಲೇ ಭಾಗವತರಿಗೆ ಪಾತ್ರ ಗೊತ್ತಾಗುವುದಿಲ್ಲ ಅಂದ ಹಾಗೆ.

ಪೀಣ್ಯದ ಭಾವ | 11:02

ಅದಕ್ಕೇ ಯುರೋಪಿನವರು ಹೆಸರು ಹಿಡಿದು ಕರೆಯುವುದನ್ನು ಬಿಟ್ಟರು. ಅವರ 2012ರ ನಿರ್ದೇಶನ 2018ರ ಆಗಸ್ಟ್ 15ರಿಂದ ತಿರುವಿ ಹಾಕಿತು: ವಿದ್ಯುತ್ತಿನಲ್ಲಿ ನಡೆಯುವ ಸಾಮಾನೆಲ್ಲ ಒಳಗೆ, ಬೇಡದ್ದರ ಹೆಸರು ಮಾತ್ರ ಬರೆಯುವುದು. ನಮ್ಮದು ಇನ್ನೂ ಮದುವೆ ಕಾಗದದ ಲೆಕ್ಕ, ಹೆಸರು ಬರೆದವರಿಗೆ ಮಾತ್ರ ಊಟ. ನನ್ನ ಅಭಿಪ್ರಾಯದಲ್ಲಿ ಇವತ್ತಲ್ಲ ನಾಳೆ ನಾವೂ ಆ ದಾರಿಗೆ ಬರಬೇಕು. ಆದರೆ ಪಟ್ಟಿ ಇದ್ದರೆ ಒಂದು ಅನುಕೂಲವೂ ಇದೆ, ಕೋರ್ಟಿನಲ್ಲಿ ವಾದ ಕಡಿಮೆ.

ಉಪ್ಪಳ ರಿಪೇರಿ | ಭಾನುವಾರ ಬೆಳಿಗ್ಗೆ 7:30

ರಾತ್ರಿ ಮಲಗಿದ ಮೇಲೆ ನೆನಪಾಯಿತು, ಕಾನೂನು ನಿಜವಾಗಿ ನನ್ನ ಮೇಜಿನ ಮೇಲೆ ಬಂದು ಕೂತದ್ದು ಒಮ್ಮೆ ಮಾತ್ರ, ಬೆಸುಗೆಯಲ್ಲಿ. ನಾನು ಕೆಲಸ ಕಲಿತಾಗ ಸೀಸ ಬೆರೆಸಿದ ತವರದ ತಂತಿ. 183 ಡಿಗ್ರಿಗೆ ಬೆಣ್ಣೆ ಹಾಗೆ ಕರಗುತ್ತಿತ್ತು, ಜಾಯಿಂಟು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಯುರೋಪಿನಲ್ಲಿ 2006ರ ಜುಲೈಯಿಂದ ಸೀಸಕ್ಕೆ ಮಿತಿ ಬಿತ್ತು. ನಮ್ಮಲ್ಲಿ 2014ರ ಮೇಯಿಂದ: ಸೀಸ, ಪಾದರಸ ಇತ್ಯಾದಿ ನೂರಕ್ಕೆ 0.1, ಕ್ಯಾಡ್ಮಿಯಂ 0.01ಕ್ಕಿಂತ ಹೆಚ್ಚಿರಬಾರದು ಅಂತ. ಆದರೆ ಬೋರ್ಡುಗಳು ಮೊದಲೇ ಬದಲಾಗಿದ್ದವು. ಯುರೋಪಿಗೆ ಒಂದು, ನಮಗೆ ಇನ್ನೊಂದು ಅಂತ ಕಾರ್ಖಾನೆಯವರು ಎರಡು ಸಾಲು ನಡೆಸುತ್ತಾರಾ? ಒಂದು ದಿನ ಒಂದು ಹೊಸ ಬೋರ್ಡಿಗೆ ಐರನ್ ಹಿಡಿದರೆ ಕರಗುವುದೇ ಇಲ್ಲ. ಐರನ್ ಹಾಳಾಯಿತು ಅಂತ ಬಯ್ದುಕೊಂಡೆ. ಆಮೇಲೆ ಗೊತ್ತಾಯಿತು, ಸೀಸ ಇಲ್ಲದ ಬೆಸುಗೆ, 217 ಡಿಗ್ರಿಯ ಮೇಲೆ ಕರಗುವುದು. ನಮ್ಮ ಸರಕಾರದ ನಿಯಮ ಬರುವ ಮೊದಲೇ ಬ್ರಸೆಲ್ಸಿನವರ ನಿಯಮ ಉಪ್ಪಳಕ್ಕೆ ತಲುಪಿತ್ತು.

ಹಾಗೆಯೇ ಮಾನಿಟರು. ಗುಡಾಣದ ಗಾಜಿನ ಹಿಂಭಾಗದಲ್ಲಿ ಕಿಲೋ ಲೆಕ್ಕದಲ್ಲಿ ಸೀಸ, ಎಕ್ಸ್ ಕಿರಣ ಹೊರಗೆ ಬಾರದ ಹಾಗೆ ಹಾಕಿದ್ದು. ಎಲ್‌ಸಿಡಿ ಬಂತು, ಸೀಸ ಹೋಯಿತು ಅಂತ ನಿಟ್ಟುಸಿರು ಬಿಟ್ಟರೆ ಅದರ ಹಿಂಬದಿಯ ಬೆಳಕಿಗೆ ಪೆನ್ಸಿಲ್ ರೀಫಿಲ್ಲಿನಷ್ಟು ಸಪೂರ ಟ್ಯೂಬು, ಅದರೊಳಗೆ ಕೆಲವು ಮಿಲಿಗ್ರಾಂ ಪಾದರಸ. ಅದೂ ಹೋಗಿ ಎಲ್‌ಇಡಿ ಬಂತು. ನೀರ್ಚಾಲಿನ ಅಣ್ಣ, ನಿಮ್ಮ ಎಲ್‌ಸಿಡಿ ಆ ನಡುವಿನ ಕಾಲದ್ದಾದರೆ ಬಿಚ್ಚಬೇಡಿ, ಟ್ಯೂಬು ಒಡೆದೀತು.

ಹೊಸಂಗಡಿ ಗುಜರಿ | 8:45

ನಾನು ಗುಜರಿ ಮಾಡುವವನು. ಓದಿ ಸುಮ್ಮನೆ ಇರುವ ಅಂತ ಇದ್ದೆ, ಆದರೆ ಎಲ್ಲರೂ ನಮ್ಮ ಬಾಗಿಲಿಗೇ ಬರುವುದಲ್ವಾ, ಹೇಳುತ್ತೇನೆ.

ಹಳೆ ಕಂಪ್ಯೂಟರು ಬಂದರೆ ನಮಗೆ ಹಬ್ಬ. ಡಬ್ಬಿ ಕಬ್ಬಿಣ, ಒಳಗೆ ಅಲ್ಯೂಮಿನಿಯಂ, ಹಳೆ ಯುಪಿಎಸ್ಸಿನಲ್ಲಿ ಒಂದು ದೊಡ್ಡ ಟ್ರಾನ್ಸ್‌ಫಾರ್ಮರ್, ಒಳ್ಳೆ ಜಾತಿಯದ್ದಾದರೆ ತಾಮ್ರ. ಬೋರ್ಡಿನ ಕಾಲುಗಳಿಗೆ ಚಿನ್ನದ ಲೇಪ, ಅದಕ್ಕೆ ಹೊರಗಿನಿಂದ ಹುಡುಕಿಕೊಂಡು ಬರುವವರಿದ್ದಾರೆ. ಒಂದು ಸ್ಕ್ರೂಡ್ರೈವರ್, ಹತ್ತು ನಿಮಿಷ, ಎಲ್ಲ ಬೇರೆ ಬೇರೆ ರಾಶಿ.

ಈಗಿನ ಲ್ಯಾಪ್‌ಟಾಪು? ಅಂಟು ಹಾಕಿ ಅಂಟಿಸಿದ್ದು. ಬಿಡಿಸಲು ಅರ್ಧ ಗಂಟೆ, ಸಿಗುವುದು ಅಂಗೈಯಷ್ಟು ಬೋರ್ಡು, ಜೊತೆಗೆ ಬೆಂಕಿ ಹಿಡಿಯುವ ಬ್ಯಾಟರಿ. ಸಾಮಾನು ಸಪೂರ ಆದಷ್ಟು ನಮಗೆ ಕೂಲಿ ಹುಟ್ಟುವುದಿಲ್ಲ. ಗುಡಾಣ ಮಾನಿಟರಂತೂ ಯಾರಿಗೂ ಬೇಡ. ಹಿಂದಿನ ತಾಮ್ರದ ಸುರುಳಿ ಕಿತ್ತುಕೊಂಡು ಗಾಜನ್ನು ಗುಡ್ಡೆಯಲ್ಲಿ ಎಸೆಯುವವರಿದ್ದಾರೆ. ನಾನು ಎಸೆದಿಲ್ಲ ಅಂತ ಸುಳ್ಳು ಹೇಳುವುದಿಲ್ಲ, ಮೊದಲು ಎಸೆದದ್ದುಂಟು. ವಯರು ಸುಡುವುದನ್ನು ಬಿಟ್ಟು ಎಂಟು ವರ್ಷ ಆಯಿತು. ಮಗಳಿಗೆ ದಮ್ಮು.

ಕಾನೂನಿನಲ್ಲಿ ನಾನು ಯಾರು? ತಯಾರಕನಲ್ಲ, ಮರುಬಳಕೆಯವನಲ್ಲ. ಇ-ತ್ಯಾಜ್ಯ ಮುಟ್ಟಿದರೆ ತಪ್ಪು. ಮುಟ್ಟದಿದ್ದರೆ ಅದು ನಿಮ್ಮ ತೋಟದ ತೋಡಿನಲ್ಲಿ.

ಪೆರ್ಲದ ಟೀಚರ್ | 9:20

ಗುಜರಿ ಅಣ್ಣ, ನೀವು ಬರೆದದ್ದಕ್ಕೆ ಸಂತೋಷ. ಸುಮ್ಮನಿರಬೇಡಿ.

ಪೀಣ್ಯದ ಭಾವ | 10:15

ಅಣ್ಣ ಹೇಳಿದ್ದು ಸರಿಯಾಗಿ ಗಾಯಕ್ಕೇ ಬಿತ್ತು. 2016ರ ನಿಯಮದಲ್ಲಿ ಸಂಗ್ರಹ ಕೇಂದ್ರ, ಸಾಮಾನು ಕಳಚುವವನು ಅಂತೆಲ್ಲ ಪಾತ್ರಗಳಿದ್ದವು. 2022ರಲ್ಲಿ ಉಳಿದದ್ದು ನೋಂದಣಿ ಮಾಡಿಕೊಳ್ಳುವ ನಾಲ್ವರು: ಉಪಕರಣ ತಯಾರಿಸುವವನು, ಬ್ರ್ಯಾಂಡ್ ಹಾಕಿ ಮಾರುವವನು, ದುರಸ್ತಿ ಮಾಡಿ ಮರುಮಾರಾಟಕ್ಕೆ ಬಿಡುವವನು, ಮರುಬಳಕೆ ಮಾಡುವವನು. ಲೆಕ್ಕ ಎಲ್ಲ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್ಲಿನಲ್ಲಿ. ಮರುಬಳಕೆಯವನು ಲೋಹ ತೆಗೆದು ಪ್ರಮಾಣಪತ್ರ ಪಡೆಯುತ್ತಾನೆ, ಕಂಪನಿಯವನು ಅದನ್ನು ಕೊಂಡು ತನ್ನ ಗುರಿ ಮುಟ್ಟಿಸುತ್ತಾನೆ. ಗುರಿ ಅಂದರೆ ಹಿಂದೆ ಮಾರಿದ್ದರಲ್ಲಿ 2023-24, 2024-25ಕ್ಕೆ ನೂರಕ್ಕೆ 60, ಆಮೇಲಿನ ಎರಡು ವರ್ಷ 70, 2027-28ರಿಂದ 80.

ಕಾಗದದಲ್ಲಿ ಚೆಂದ. ಆದರೆ ಎರಡು ತೊಂದರೆ ನಾನು ದಿನಾ ನೋಡುತ್ತೇನೆ. ಒಂದು, ಪ್ರಮಾಣಪತ್ರ ಹುಟ್ಟುವುದು ನಾಲ್ಕು ಲೋಹದ ಮೇಲೆ: ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಹಾರ್ಡ್ ಡಿಸ್ಕಿನೊಳಗೆ ನಖದಷ್ಟು ಗಾತ್ರದ ಬಲವಾದ ಆಯಸ್ಕಾಂತ ಇದೆಯಲ್ಲ, ಅದರ ನಿಯೋಡಿಮಿಯಂ ಈ ಲೆಕ್ಕದಲ್ಲಿ ಇಲ್ಲ. ಹಾಗಾಗಿ ಅದನ್ನು ಹೆಕ್ಕುವ ಕಷ್ಟ ಯಾರಿಗೆ ಬೇಕು? ಇಂಥ ಲೋಹಗಳ ಮರುಬಳಕೆಗೆ ಕೇಂದ್ರ ಸರಕಾರ 2025ರ ಸೆಪ್ಟೆಂಬರಿನಲ್ಲಿ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ಕೊಟ್ಟಿದೆ, ನೋಡುವ. ಅಷ್ಟರಲ್ಲಿ ಆಯಸ್ಕಾಂತ ಇರುವ ಡಿಸ್ಕ್ ಹೋಗಿ ಚಿಪ್ಪಿನಲ್ಲಿ ಸಂಗ್ರಹಿಸುವ ಎಸ್‌ಎಸ್‌ಡಿ ಬಂದಾಗಿದೆ, ಅದರಲ್ಲಿ ಆಯಸ್ಕಾಂತವೇ ಇಲ್ಲ!

ಎರಡನೆಯದು ಬೆಲೆ. ಪ್ರಮಾಣಪತ್ರ ತೀರಾ ಅಗ್ಗಕ್ಕೆ ಸಿಗುತ್ತಿತ್ತು. ಅಷ್ಟಕ್ಕೆ ಸರಿಯಾದ ಘಟಕ ನಡೆಸಲು ಆಗುವುದಿಲ್ಲ. ಕೊನೆಗೆ ಕಿಲೋಗೆ ಕನಿಷ್ಠ 22 ರೂಪಾಯಿ ಅಂತ ನೆಲಬೆಲೆ ಬಂತು, ಇದು ಜಾಸ್ತಿಯಾಯಿತು ಅಂತ ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು.

ಹೊಸಂಗಡಿ ಗುಜರಿ | 10:31

ಆ 22ರಲ್ಲಿ ಹೊಸಂಗಡಿಗೆ ಎಷ್ಟು ಬರುತ್ತದೆ ಭಾವ?

ಪೀಣ್ಯದ ಭಾವ | 10:33

ನೀವು ಘಟಕಕ್ಕೆ ನೇರ ಮಾರಿದರೆ ರೇಟಿನಲ್ಲಿ ಸ್ವಲ್ಪ. ನಡುವೆ ಮೂರು ಕೈ ಇದ್ದರೆ ಏನೂ ಇಲ್ಲ.

ಪೆರ್ಲದ ಟೀಚರ್ | 11:40

ಶಾಲೆಯ ಕಡೆಯಿಂದ ಒಂದು ಮಾತು. ನಾನು ನಮ್ಮ ಶಾಲೆಯ ಐಟಿ ಕೋ-ಆರ್ಡಿನೇಟರ್. 2018ರಲ್ಲಿ ಶುರುವಾದ ಹೈಟೆಕ್ ಯೋಜನೆಯಲ್ಲಿ ರಾಜ್ಯದ 45,000 ತರಗತಿಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಬಂತು. ಈಗ ಅವುಗಳಿಗೆ ಮುಪ್ಪು. ಶಾಲೆಗಳ ತಂತ್ರಜ್ಞಾನ ನೋಡುವ ಸರಕಾರಿ ಸಂಸ್ಥೆ ಕೈಟ್‌ನವರ ಕ್ರಮ ಏನೆಂದರೆ ಮೊದಲು ದುರಸ್ತಿ ಆಗುತ್ತದಾ ನೋಡಬೇಕು, ಒಂದರ ಭಾಗ ಇನ್ನೊಂದಕ್ಕೆ ಹಾಕಿ ನಡೆಸಬೇಕು, ಆಗದ್ದನ್ನು ಸ್ಟಾಕ್ ರಿಜಿಸ್ಟರಿನಿಂದ ತೆಗೆದು ಸರಕಾರದ ತ್ಯಾಜ್ಯ ಸಂಸ್ಥೆ ಕ್ಲೀನ್ ಕೇರಳ ಕಂಪನಿಗೆ ಕೊಡಬೇಕು. ಒಳ್ಳೆಯ ಕ್ರಮವೇ. ಆದರೆ ರಿಜಿಸ್ಟರಿನಿಂದ ಒಂದು ಮೌಸ್ ತೆಗೆಯಲು ಬೇಕಾದ ಸಹಿಗಳನ್ನು ಲೆಕ್ಕ ಹಾಕಿದರೆ ಆ ಕಾಗದವೇ ಇನ್ನೊಂದು ತ್ಯಾಜ್ಯ. ನಮ್ಮ ಲ್ಯಾಬಿನ ಹಿಂದಿನ ಕೋಣೆಯಲ್ಲಿ ಒಂಬತ್ತು ಗುಡಾಣ ಮಾನಿಟರು ಎರಡು ವರ್ಷ ಕೂತವು. ಒಂದರೊಳಗೆ ಕಣಜದ ಹುಳ ಗೂಡು ಕಟ್ಟಿತ್ತು. ಗಾಡಿ ಬಂದ ದಿನ ಲೋಡ್ ಮಾಡುವವರಿಗಿಂತ ಹುಳಗಳೇ ಮೊದಲು ಹೊರಟವು.

ಇನ್ನೊಂದು. ಮೊದಲಿನ ನಿಯಮಗಳಲ್ಲಿ ಸರಕಾರಿ ಕಚೇರಿ, ಬ್ಯಾಂಕು, ಶಿಕ್ಷಣ ಸಂಸ್ಥೆಗಳು ದೊಡ್ಡ ಬಳಕೆದಾರರ ಸಾಲಿನಲ್ಲಿ ಇದ್ದವು. 2022ರಲ್ಲಿ ಕನಿಷ್ಠ ಸಾವಿರ ಉಪಕರಣ ಬಳಸಿದವರು ಮಾತ್ರ ದೊಡ್ಡ ಬಳಕೆದಾರರು. ಪೆರ್ಲ, ಮುಳ್ಳೇರಿಯ, ಅಡೂರಿನ ಯಾವ ಶಾಲೆಯಲ್ಲಿ, ಯಾವ ಸಹಕಾರಿ ಬ್ಯಾಂಕಿನಲ್ಲಿ ಸಾವಿರ ಉಪಕರಣ ಉಂಟು? ನಾವೆಲ್ಲ ಒಂದೇ ಗೆರೆಯಲ್ಲಿ ಸಣ್ಣವರಾದೆವು.

ಪೀಣ್ಯದ ಭಾವ | 11:58

ಮನೆಯವರ ಕಥೆಯೂ ಅದೇ. 2016ರಲ್ಲಿ ಬಳಕೆದಾರನ ಜವಾಬ್ದಾರಿ ಅಂತ ಒಂದು ಭಾಗವೇ ಇತ್ತು. ಹೊಸದರಲ್ಲಿ ಹೊಣೆ ಇರುವುದು ದೊಡ್ಡ ಬಳಕೆದಾರರಿಗೆ ಮಾತ್ರ. ಇನ್ನೊಂದು ಕುತೂಹಲ: ನೀರ್ಚಾಲಿನವರ 2003ರ ಕಂಪ್ಯೂಟರು ಜೋಡಿಸಿದ್ದು, ಬ್ರ್ಯಾಂಡ್ ಇಲ್ಲ. ಅಂಥದ್ದಕ್ಕೆ 2016ರ ನಿಯಮದಲ್ಲಿ ಒಂದು ಹೆಸರಿತ್ತು, ಅನಾಥ ಉತ್ಪನ್ನ.

ನೀರ್ಚಾಲಿನವ | 12:10

ಅನಾಥ! ಮಗನ ಹತ್ತನೇ ಕ್ಲಾಸಿನ ಮಾರ್ಕು ಮೊದಲು ನೋಡಿದ್ದು ಅದರಲ್ಲಿ. ನಾವೆಲ್ಲ ಇದ್ದೇವಪ್ಪ ಅದಕ್ಕೆ.

ಸೇವಾಕೇಂದ್ರದವಳು | ಮಧ್ಯಾಹ್ನ 2:20

ಊಟ ಆಯ್ತಾ ಎಲ್ಲರದ್ದೂ? ನಾನು ಕುಂಬಳೆ ಹತ್ತಿರ ಅಕ್ಷಯ ಕೇಂದ್ರದಲ್ಲಿದ್ದೇನೆ. ಸೀಸ, ಪಾದರಸ ಎಲ್ಲ ಮಾತಾಡಿದಿರಿ, ನನಗೆ ಹೆದರಿಕೆ ಇರುವುದು ಹಾರ್ಡ್ ಡಿಸ್ಕಿನದ್ದು. ನಮ್ಮ ಕಂಪ್ಯೂಟರುಗಳಲ್ಲಿ ಜನರ ಆಧಾರ್, ರೇಷನ್ ಕಾರ್ಡು, ಪಿಂಚಣಿ ಕಾಗದ ಎಲ್ಲ ಸ್ಕ್ಯಾನ್ ಆಗಿ ಕೂತಿರುತ್ತದೆ. ಅಳಿಸಿದರೂ ಪೂರ್ತಿ ಹೋಗುವುದಿಲ್ಲ ಅಂತಾರೆ. ಹಳೆಯ ನಾಲ್ಕು ಡಿಸ್ಕ್ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ, ಮಾರಲು ಧೈರ್ಯ ಇಲ್ಲ.

ಉಪ್ಪಳ ರಿಪೇರಿ | 2:45

ಅಕ್ಕ, ನಿಮ್ಮ ಹೆದರಿಕೆ ಸರಿ. ಅಳಿಸುವುದು ಅಂದರೆ ಪುಸ್ತಕದ ಪರಿವಿಡಿ ಮಾತ್ರ ಹರಿದ ಹಾಗೆ, ಪುಟ ಅಲ್ಲೇ ಇರುತ್ತದೆ. ತಿರುಗುವ ಹಳೆ ಡಿಸ್ಕಾದರೆ ಪೂರ್ತಿಯಾಗಿ ಮೇಲೆ ಬೇರೆ ಬರೆಯಬೇಕು, ಅದಕ್ಕೆ ಉಚಿತ ತಂತ್ರಾಂಶ ಉಂಟು, ಒಂದು ರಾತ್ರಿ ಓಡಿಸಿಟ್ಟರಾಯಿತು. ಕೆಟ್ಟ ಡಿಸ್ಕಾದರೆ ಒಳಗಿನ ತಟ್ಟೆಗೇ ಡ್ರಿಲ್. ಎಸ್‌ಎಸ್‌ಡಿಗೆ ಆಯಸ್ಕಾಂತ ಹಿಡಿದು ಅಳಿಸುವ ಮದ್ದು ನಾಟುವುದಿಲ್ಲ, ಮೇಲೆ ಬರೆದರೂ ಅದು ತನ್ನೊಳಗೇ ಜಾಗ ಬದಲಿಸಿಕೊಂಡು ಹಳತನ್ನು ಇಟ್ಟುಕೊಂಡಿರುತ್ತದೆ. ಕಂಪನಿಯದ್ದೇ ಅಳಿಸುವ ಆಜ್ಞೆ ಕೊಡಬೇಕು, ಇಲ್ಲವೇ ಚಿಪ್ಪು ಪುಡಿ ಮಾಡಬೇಕು. ಪುಡಿ ಮಾಡಿದ್ದನ್ನು ದುರಸ್ತಿ ಮಾಡಿ ಮತ್ತೆ ಬಳಸಲು ಆಗುವುದಿಲ್ಲ ಅಂತ ಮತ್ತೆ ಭಾವ ಬಯ್ಯುತ್ತಾರೆ. ಇ-ತ್ಯಾಜ್ಯದವರು ಬಾಳಿಸಿ ಅನ್ನುತ್ತಾರೆ, 2023ರ ದತ್ತಾಂಶ ರಕ್ಷಣೆ ಕಾಯಿದೆಯವರು ಅಳಿಸಿ ಅನ್ನುತ್ತಾರೆ. ನಡುವೆ ನನ್ನ ಡ್ರಿಲ್.

ತಲಪಾಡಿ ದಾಟುವವ | 4:05

ಒಂದು ದಡ್ಡ ಪ್ರಶ್ನೆ. ನಮ್ಮಲ್ಲಿ ಅರ್ಧ ಜನ ಸಾಮಾನು ಕೊಳ್ಳುವುದು ಮಂಗಳೂರಿನಲ್ಲಿ, ಕರ್ನಾಟಕದ ಬಿಲ್ಲು. ಹಾಳಾಗುವುದು ಇಲ್ಲಿ. ಅಲ್ಲಿಗೆ ವಾಪಸು ಕೊಡಬಹುದಾ? ಇಲ್ಲಿಯವರು "ಇದು ನಮ್ಮದಲ್ಲ" ಅನ್ನಬಹುದಾ?

ಪೀಣ್ಯದ ಭಾವ | 4:18

ದಡ್ಡ ಅಲ್ಲ. ತಯಾರಕನ ಹೊಣೆ ಇಡೀ ದೇಶಕ್ಕೆ ಒಂದೇ, ತಲಪಾಡಿಯ ರಾಜ್ಯ ಗಡಿಯ ಗೇಟು ಅದಕ್ಕೆ ಲೆಕ್ಕಕ್ಕಿಲ್ಲ. ಕಂಪನಿಯ ಜಾಲತಾಣದಲ್ಲಿ ಹಳೆ ಸಾಮಾನು ಕೊಡುವ ದಾರಿ ಇರುತ್ತದೆ, ಬಿಲ್ಲು ಯಾವ ಊರಿನದ್ದಾದರೂ ಅಡ್ಡಿಯಿಲ್ಲ. ಮನೆಬಾಗಿಲ ಸಂಗ್ರಹ ಮಾತ್ರ ಆಯಾ ಊರಿನ ಪಂಚಾಯತಿನ ವಿಷಯ. 2025ರ ಜುಲೈಯಲ್ಲಿ ಕೇರಳದಲ್ಲಿ ಹರಿತ ಕರ್ಮ ಸೇನೆಯ ಮೂಲಕ ಇ-ತ್ಯಾಜ್ಯವನ್ನು ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಯ್ಯುವ ಕ್ರಮ ಶುರುವಾಯಿತಲ್ಲ, ಅದು ಮೊದಲು ಇಳಿದದ್ದು ನಗರಗಳಿಗೆ.

ಪೆರ್ಲದ ಟೀಚರ್ | 4:26

ನಮ್ಮ ಜಿಲ್ಲೆಯಲ್ಲಿ ಇರುವುದೇ ಮೂರು ನಗರಸಭೆ: ಕಾಸರಗೋಡು, ಕಾಞಂಗಾಡ್, ನೀಲೇಶ್ವರ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಎಲ್ಲ ಪಂಚಾಯತು. ಕನ್ನಡದವರಿರುವ ಕಡೆ ಹೆಚ್ಚಿನದ್ದು ಹಳ್ಳಿಯೇ. ಜೊತೆಗೆ ನಮ್ಮ ಮನೆಗೆ ಬಂದ ಚೀಟಿ ಮಲಯಾಳದಲ್ಲಿ ಮಾತ್ರ. ನನ್ನ ಅತ್ತೆಗೆ ಓದಲು ಬರುವುದಿಲ್ಲ. ಉಬ್ಬಿದ ಬ್ಯಾಟರಿ ಒಲೆಯ ಹತ್ತಿರ ಇಡಬೇಡಿ ಅಂತ ಬರೆದದ್ದನ್ನು ಓದಲಿಕ್ಕಾಗದಿದ್ದರೆ ಆ ಚೀಟಿಯಿಂದ ಒಲೆ ಹೊತ್ತಿಸುವುದೇ.

ತಲಪಾಡಿ ದಾಟುವವ | 4:31

ಇದು ಬರುತ್ತದೆ ಅಂತ ಗೊತ್ತಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇದೇ ಹಾಡು, ಕಂಪ್ಯೂಟರಿನ ಕಸಕ್ಕೂ ಭಾಷೆಯಾ?

ಪೆರ್ಲದ ಟೀಚರ್ | 4:33

ಹೌದು, ಕಸಕ್ಕೂ.

ನಿರ್ವಾಹಕ | 4:50

ಭಾಷೆಯ ಚರ್ಚೆಗೆ ಬೇರೆ ಎಳೆ ಉಂಟು, 412 ಉತ್ತರ ಆಗಿದೆ, ಅಲ್ಲಿಗೆ ಬನ್ನಿ. ಇಲ್ಲಿ ಅಟ್ಟದ ಸಾಮಾನು ಮಾತ್ರ.

ಎಣ್ಮಕಜೆಯ ಹುಡುಗ | ಸಂಜೆ 6:15

ನಾನು ಸ್ವರ್ಗದ ಕಡೆಯವನು. (ಹೊಸಬರಿಗೆ: ಸ್ವರ್ಗ ಅಂದರೆ ನಮ್ಮ ಊರಿನ ಹೆಸರು.) ನಿಯಮ ಹಿಂದೆ ಬೀಳುವುದು ಅಂದರೆ ಎಂತ ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿದ್ದದ್ದು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ. ಅದು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ (ಅಪಾಯಕಾರಿ ರಾಸಾಯನಿಕಗಳನ್ನು ತಡೆಯುವ ಅಂತರರಾಷ್ಟ್ರೀಯ ಪಟ್ಟಿ) ಸೇರಿದ್ದು 2011ರಲ್ಲಿ. ನನ್ನ ಚಿಕ್ಕಪ್ಪನ ಮಗನಿಗೆ ಆಗ ಹದಿನೆಂಟು ವರ್ಷ, ಎದ್ದು ನಿಂತವನೇ ಅಲ್ಲ.

ಹೇಳಲು ಕಾರಣ, ಅದೇ ಒಪ್ಪಂದದ ಪಟ್ಟಿಯಲ್ಲಿ 2009ರಲ್ಲಿ ಸೇರಿದ ಬ್ರೋಮಿನ್ ರಾಸಾಯನಿಕಗಳು ಕಂಪ್ಯೂಟರಿನ ಪ್ಲಾಸ್ಟಿಕ್ಕಿಗೆ ಬೆಂಕಿ ಹಿಡಿಯದ ಹಾಗೆ ಹಾಕುವ ಜಾತಿಯವು. ನೀರ್ಚಾಲಿನವರ 2003ರ ಮಾನಿಟರಿನ ಡಬ್ಬಿಯಲ್ಲೂ ಅಂಥದ್ದು ಇರಬಹುದು. ಯಾರೂ ಅದನ್ನು ಒಲೆಗೆ, ಬಚ್ಚಲಿಗೆ ಹಾಕಬೇಡಿ. ನಮ್ಮಲ್ಲಿ ಪ್ಲಾಸ್ಟಿಕ್ ಹಾಕಿ ನೀರು ಕಾಯಿಸುವ ಅಭ್ಯಾಸ ಉಂಟು, ಗೊತ್ತಿದ್ದೇ ಹೇಳುತ್ತಿದ್ದೇನೆ.

ಹೊಸಂಗಡಿ ಗುಜರಿ | 6:40

ಹುಡುಗ ಹೇಳಿದ್ದು ಕೇಳಿ. ಮಾನಿಟರಿನ ಪ್ಲಾಸ್ಟಿಕ್ ನಾನು ಬೇರೆ ಕಟ್ಟಿ ಇಡುತ್ತೇನೆ ಇನ್ನು.

ಉಪ್ಪಳ ರಿಪೇರಿ | ರಾತ್ರಿ 8:30

ಹಳತು ಸಾಕು, ಬರುವ ವರ್ಷದ ರಾಶಿ ನೋಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಂತಿತು. ಹನ್ನೊಂದಕ್ಕೆ ಹೋಗಲು ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು, ಪ್ರೊಸೆಸರ್ ಇಂಥ ತಲೆಮಾರಿನ ಮೇಲಿನದ್ದೇ ಬೇಕು. ಸುಮಾರು 2017ರವರೆಗಿನ ಯಂತ್ರಗಳು ಹೆಚ್ಚಿನವು ಹೊರಗೆ. ಈ ತಿಂಗಳು ಹನ್ನೊಂದು ಜನ ಕೇಳಿದರು, ಬಿಸಾಡಬೇಕಾ ಅಂತ. ಯಂತ್ರದಲ್ಲಿ ಒಂದು ಸ್ಕ್ರೂ ಕೂಡ ಹಾಳಾಗಿಲ್ಲ! ಇ-ತ್ಯಾಜ್ಯದ ನಿಯಮ ಸತ್ತ ಮೇಲಿನ ಬೊಜ್ಜಕ್ಕೆ (ಉತ್ತರಕ್ರಿಯೆಗೆ) ಬರುತ್ತದೆ, ತಂತ್ರಾಂಶದಿಂದ ಸಾಯಿಸಿದ್ದನ್ನು ಕೇಳುವ ನಿಯಮ ಎಲ್ಲಿ?

ಮೊನ್ನೆ ಒಂದು ಲ್ಯಾಪ್‌ಟಾಪು ಬಂತು, ಯಾವ ಕಂಪನಿ ಅಂತ ಬೇಡ. ಮೆಮರಿ ಬೋರ್ಡಿಗೇ ಬೆಸೆದದ್ದು. 4 ಜಿಬಿ, ಇನ್ನೊಂದು 4 ಹಾಕಿದ್ದರೆ ಐದು ವರ್ಷ ಓಡುತ್ತಿತ್ತು, ಹಾಕಲು ಕಿಂಡಿಯೇ ಇಲ್ಲ. ಗಿರಾಕಿ ಕಾಲೇಜು ಹುಡುಗಿ, ಅಪ್ಪ ಬೀಡಿ ಕಂಪನಿಯ ಲಾರಿ ಓಡಿಸುವವರು. ನಾನು ಎಂತ ಹೇಳುವುದು?

ಪೆರ್ಲದ ಟೀಚರ್ | 8:52

ಬಿಸಾಡಬೇಡಿ ಅಂತ ಹೇಳುವುದು. ನಮ್ಮ ಶಾಲೆಗಳೆಲ್ಲ ಗ್ನೂ/ಲಿನಕ್ಸ್‌ನಲ್ಲೇ ನಡೆಯುತ್ತವೆ, ಕೈಟ್‌ನವರದ್ದು ಉಚಿತ, ಕನ್ನಡವೂ ಬರುತ್ತದೆ. 4 ಜಿಬಿಯಲ್ಲಿ ನಮ್ಮ ಎಂಟನೇ ಕ್ಲಾಸಿನ ಮಕ್ಕಳು ಅನಿಮೇಷನ್ ಮಾಡುತ್ತಾರೆ. ಅವಳನ್ನು ಶನಿವಾರ ಕಳಿಸಿ, ನಾನೇ ಹಾಕಿಕೊಡುತ್ತೇನೆ.

ಪೀಣ್ಯದ ಭಾವ | 9:10

ದುರಸ್ತಿಗೆ ನಿಯಮದಲ್ಲಿ ಸಣ್ಣ ಬಾಗಿಲು ಇದೆ. 2022ರದ್ದರಲ್ಲಿ ದುರಸ್ತಿ ಮಾಡಿ ಆಯುಷ್ಯ ಹೆಚ್ಚಿಸಿದ್ದಕ್ಕೂ ಪ್ರಮಾಣಪತ್ರ ಸಿಗುತ್ತದೆ, ಕಂಪನಿಯ ಮರುಬಳಕೆಯ ಹೊಣೆ ಅಷ್ಟು ಕಾಲ ಮುಂದಕ್ಕೆ ಹೋಗುತ್ತದೆ. ಆದರೆ ಅದು ನೋಂದಾಯಿತ ಘಟಕಗಳಿಗೆ, ಉಪ್ಪಳದ ಅಂಗಡಿಗಲ್ಲ. ಬಿಚ್ಚಲು ಬರುವ ಹಾಗೆ ಮಾಡಿ ಅಂತ ಗಟ್ಟಿಯಾಗಿ ಹೇಳಿದ್ದು ಯುರೋಪಿನವರೇ: 2027ರ ಫೆಬ್ರವರಿ 18ರಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ತೆಗೆದು ಹಾಕಲು ಬರಬೇಕು, ಕೆಲವು ವಿನಾಯಿತಿ ಬಿಟ್ಟು. ಸೀಸದ ಬೆಸುಗೆಯ ಹಾಗೆ ಇದೂ ಸುತ್ತುಬಳಸಿ ಉಪ್ಪಳಕ್ಕೆ ಬಂದೀತು.

ಉಪ್ಪಳ ರಿಪೇರಿ | 9:14

ಅಷ್ಟರವರೆಗೆ ಹೇರ್ ಡ್ರೈಯರಿನಿಂದ ಅಂಟು ಬಿಡಿಸುತ್ತಾ ಇರುತ್ತೇನೆ.

ನೀರ್ಚಾಲಿನವ | ಮುಂದಿನ ಗುರುವಾರ ಸಂಜೆ 5:40

ಆದದ್ದನ್ನು ತಿಳಿಸುವ ಅಂತ ಬಂದೆ. ಪಂಚಾಯತಿಗೆ ಫೋನು ಮಾಡಿ ಕೇಳಿದೆ, ಸೇನೆಯ ಅಕ್ಕಂದಿರು ಇವತ್ತು ಗೂಡ್ಸ್ ರಿಕ್ಷಾ ತಂದರು. ಭಾವ ಬರೆದದ್ದನ್ನು ಫೋನಿನಲ್ಲಿ ತೋರಿಸಿದೆ, ಮೋಡೆಮ್ ನಾಲ್ಕೂ ಹತ್ತಿದವು. ಪ್ರಿಂಟರು ಎರಡು, ಎಲ್‌ಸಿಡಿ, ಯುಪಿಎಸ್ ಹೋದವು. ಗುಡಾಣ ಮಾನಿಟರನ್ನು ನಾವು ಮೂವರು ಹಿಡಿದು ಎತ್ತಿದೆವು. ಒಬ್ಬ ಅಕ್ಕ, "ಇದರ ಕಾಲದಲ್ಲಿ ನಾವು ಹುಟ್ಟಿದ್ದೆವಾ" ಅಂತ ನಗಾಡಿದರು. 2003ರ ಅನಾಥನ ಡಬ್ಬಿಯೂ ಹೋಯಿತು. ಮನೆಯವಳು ಅದರ ಕೀಲಿಮಣೆ ಮಾತ್ರ ತೆಗೆದಿಟ್ಟಿದ್ದಾಳೆ, ಎಂತಕ್ಕೆ ಅಂತ ಕೇಳಿದರೆ ಉತ್ತರ ಇಲ್ಲ.

ಹಾರ್ಡ್ ಡಿಸ್ಕ್ ಕೊಡಲಿಲ್ಲ, ಅಪ್ಪನ ಶ್ರಾದ್ಧದ ಫೋಟೊ ಇದೆ ಅಂತ ಮಗ ಹೇಳಿದ. ದೀಪಾವಳಿಗೆ ಬಂದಾಗ ನೋಡುತ್ತೇನೆ ಅಂದ, ಯಾವ ದೀಪಾವಳಿ ಅಂತ ಹೇಳಲಿಲ್ಲ.

ಉಬ್ಬಿದ ಬ್ಯಾಟರಿ ಮಾತ್ರ ಅವರು ಒಯ್ಯಲಿಲ್ಲ. ರಿಕ್ಷಾದಲ್ಲಿ ಇಡಲು ಹೆದರಿಕೆ, ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದರು. ಅವರದ್ದು ತಪ್ಪು ಅನ್ನಲಾರೆ. ಚಟ್ಟಿ ಬಚ್ಚಲುಕೊಟ್ಟಿಗೆಯ ಆಚೆಯೇ ಉಂಟು, ಮೇಲೊಂದು ಹಂಚು ಮುಚ್ಚಿದ್ದೇನೆ. ಉಪ್ಪಳದವರೇ, ನಿಮ್ಮ ಅಂಗಡಿಯಿಂದ ಇಂಥದ್ದನ್ನು ನೀವು ಎಲ್ಲಿಗೆ ಕಳಿಸುವುದು? ಸೋಮವಾರ ಆ ಕಡೆ ಬರುವುದುಂಟು, ಹೊಯ್ಗೆ ಸಮೇತ ತರಲಾ?